ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದಾರಿ ಎಷ್ಟು, ಹೊತ್ತು ಎಷ್ಟು?

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಅಲ್ಲಿಗೆ ವಿಮಾನದಾರಿ ಎಷ್ಟು? 2021ರಲ್ಲಿ ಅಲ್ಲಿಂದ ಬಂದ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾರಿತೆಂದು ಓದಿದ್ದೆ. ಅಮೆರಿಕ ಇರುವುದು ಪಶ್ಚಿಮಕ್ಕಲ್ಲವೇ? ನೇರ ವಿಮಾನವಾದರೆ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಇಳಿಯಬಹುದು ಎನ್ನುತ್ತಾರೆ. ಅದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 13,990 ಕಿ.ಮೀ. ಗೋಡೆಯ ನಕಾಶೆಯನ್ನು ನೋಡಿದರೆ ದಿಕ್ಕು ತಪ್ಪುವುದು ಸಹಜ. ಮೊಮ್ಮಕ್ಕಳ ಗ್ಲೋಬ್ ಸಿಕ್ಕರೆ ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ಬಿಗಿಯಾಗಿ ಎಳೆದು ನೋಡಿ. ದಾರವು ಪಶ್ಚಿಮಕ್ಕೆ ವಾಲುವುದೇ ಇಲ್ಲ. ಉತ್ತರಕ್ಕೆ, ತುಸು ಪೂರ್ವಕ್ಕೆ ಓರೆಯಾಗಿ ನೇಪಾಳ, ಟಿಬೆಟ್, ಸೈಬೀರಿಯಗಳನ್ನು ದಾಟಿ ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ.

ಆದರೆ ವಿಮಾನವು ದಾರ ತೋರಿಸಿದಂತೆಯೇ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಆಕಸ್ಮಿಕವಾಗಿ ಕುಸಿದರೆ ಪೈಲಟ್‌ಗಳು ಸುಮಾರು 10,000 ಅಡಿಗೆ, ಅಂದರೆ 3,000 ಮೀಟರಿಗೆ, ಬೇಗನೆ ಇಳಿಯಬೇಕಾಗುತ್ತದೆ. ಟಿಬೆಟ್ಟಿನಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿರುವುದರಿಂದ ಸಾಮಾನ್ಯವಾಗಿ ಆ ಭಾಗವನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಇದರೊಂದಿಗೆ ಅಂದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾವ ದೇಶದ ಆಕಾಶ ತೆರೆದಿದೆ ಎಂಬುದನ್ನೂ ಲೆಕ್ಕ ಹಾಕಬೇಕು. ಸರಿಯಾಗಿ ಧ್ರುವದ ಮೇಲೆಯೇ ಹಾದುಹೋದರೂ ದೂರ ಸುಮಾರು 14,360 ಕಿ.ಮೀ. ಮಾತ್ರ, ಹೆಚ್ಚಾಗುವುದು ಅರ್ಧ ಗಂಟೆಯೊಳಗಿನ ಹಾರಾಟ. ಆದ್ದರಿಂದ ಪ್ರಯಾಣಿಕರು ಕಿಲೋಮೀಟರಿಗಿಂತ ಗಂಟೆಯ ಲೆಕ್ಕ ನೋಡುವುದೇ ಒಳ್ಳೆಯದೆಂದು ನನ್ನ ಅನಿಸಿಕೆ.

ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಎಂದರೆ ಬರೀ ಹಾರಾಟಕ್ಕೇ ಹದಿನೈದೂವರೆ ಗಂಟೆ ಬೇಕು. ರನ್‌ವೇಗೆ ಸಾಗುವುದು, ಏರುವುದು, ಇಳಿಯುವುದು, ಬಳಸುದಾರಿ ಎಲ್ಲ ಸೇರಿ 16ರಿಂದ 17 ಗಂಟೆಯಾಗುತ್ತದೆ. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಪ್ರಯಾಣ ಮಾಡಿದಿರೆನ್ನಿ. ಇಳಿಯುವಾಗ ನಿಮ್ಮ ಕೈಗಡಿಯಾರದಲ್ಲಿ ಮರುದಿನ ಬೆಳಗಿನ 6 ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುವುದರಿಂದ ಅಲ್ಲಿ ಹೊರಟ ದಿನದ್ದೇ ಸಂಜೆ ನಾಲ್ಕೂವರೆಯೋ ಐದೂವರೆಯೋ ಆಗಿರುತ್ತದೆ.

ಹಿಂದಿರುಗುವಾಗ ಇದು ತಿರುವುಮುರುವು. ನೀವು ಓದಿದ ಆ ವಿಮಾನ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು, ಸುಮಾರು 17 ಗಂಟೆ ಹಾರಿ, ಬೆಂಗಳೂರಿನಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಕರೆದೊಯ್ಯಲು ಬರುವವರಿಗೆ ಟಿಕೆಟಿನಲ್ಲಿ ಇಳಿಯುವ ದಿನವೆಂದು ಬರೆದಿರುವ ತಾರೀಖನ್ನೇ ಹೇಳಿ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರಾದರೆ, ಎಷ್ಟು ಗಂಟೆಗೊಮ್ಮೆ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಕೈಚೀಲದಲ್ಲಿಟ್ಟುಕೊಳ್ಳಿ.