ಫಾರ್ಮ್ ಅಳಿಸಿಹೋಗುತ್ತೆ, ಬಟನ್ ಜಾರುತ್ತೆ, ಗೇಮ್ ಸೇವ್ ಆಗಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಉದ್ದದ ಆನ್‌ಲೈನ್ ಅರ್ಜಿ ತುಂಬಿ ಕೊನೆಗೆ ಸಬ್ಮಿಟ್ ಒತ್ತಿದರೆ ‘ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಅಂತ ಬರುತ್ತೆ. ಬರೆದದ್ದೆಲ್ಲ ಹೋಯ್ತು. ನಾನು ಟೈಪ್ ಮಾಡೋದು ನಿಧಾನ. ಅದೇ ತಪ್ಪಾ?

ಉತ್ತರ: ಖಂಡಿತ ಅಲ್ಲ. ನೀವು ಲಾಗಿನ್ ಆದ ಕೂಡಲೇ ಸರ್ವರ್ ಸಮಯ ಎಣಿಸಲು ಶುರು ಮಾಡುತ್ತದೆ. ಒಂದಿಷ್ಟು ಹೊತ್ತು ನಿಮ್ಮ ಕಡೆಯಿಂದ ಏನೂ ಬರದಿದ್ದರೆ ಹೊರಗೆ ಹಾಕುತ್ತದೆ. ತೊಂದರೆ ಏನಂದರೆ, ನೀವು ಟೈಪ್ ಮಾಡುತ್ತಿರುವುದು ನಿಮ್ಮ ಬ್ರೌಸರ್ ಒಳಗೆ ಮಾತ್ರ, ಎಷ್ಟೋ ಸೈಟ್‌ಗಳಲ್ಲಿ ಸಬ್ಮಿಟ್ ಒತ್ತುವವರೆಗೂ ಸರ್ವರ್‌ಗೆ ಅದರ ಸುಳಿವೇ ಇರುವುದಿಲ್ಲ. ನೀವು ಕಷ್ಟಪಟ್ಟು ಬರೆಯುತ್ತಾ ಕೂತಿದ್ದರೂ ಅದರ ಲೆಕ್ಕದಲ್ಲಿ ನೀವು ಎದ್ದು ಹೋಗಿದ್ದೀರಿ.

ಸುರಕ್ಷತೆಗೆ ಈ ಗಡುವು ಬೇಕು, ಒಪ್ಪುತ್ತೇನೆ. ಹಂಚಿಕೊಂಡು ಬಳಸುವ ಕಂಪ್ಯೂಟರಿನಲ್ಲಿ ಲಾಗೌಟ್ ಮಾಡುವುದು ಮರೆತರೆ ಕಾಪಾಡುವುದು ಅದೇ. ಆದರೆ ಹೊರಗೆ ಹಾಕುವುದು ಬೇರೆ, ಬರೆದದ್ದನ್ನು ಅಳಿಸುವುದು ಬೇರೆ ಅಲ್ವಾ? ವೆಬ್ ಎಲ್ಲರಿಗೂ ಬಳಸಲು ಆಗಬೇಕು ಅಂತ, ವೆಬ್‌ಗೆ ಮಾನದಂಡ ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ 2008ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೇ ಇದಕ್ಕೆ ದಾರಿ ಇದೆ: ಸಮಯ ಮುಗಿಯುವ ಮೊದಲು ಎಚ್ಚರಿಸಿ, ಕನಿಷ್ಠ 20 ಸೆಕೆಂಡ್ ಕೊಡಿ, ಒಂದು ಕೀಲಿ ಒತ್ತಿದರೆ ಅವಧಿ ಮುಂದಕ್ಕೆ ಹೋಗುವಂತೆ ಮಾಡಿ. ಅದರ ಅತಿ ಬಿಗಿಯಾದ ಹಂತದಲ್ಲಿ ಇನ್ನೂ ಒಂದು ಮಾತಿದೆ. ಮತ್ತೆ ಲಾಗಿನ್ ಆದ ಮೇಲೆ, ಬರೆದದ್ದೇನೂ ಕಳೆಯದೆ, ಬಿಟ್ಟಲ್ಲಿಂದಲೇ ಮುಂದುವರಿಯುವಂತಿರಬೇಕು. ಇಷ್ಟು ವರ್ಷವಾದರೂ ಇದನ್ನು ಮಾಡದ ಸೈಟ್ ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಜನ ಕೊಟ್ಟ ಸಮಯ ಅದು.

ಸದ್ಯಕ್ಕೆ ನೀವು ಮಾಡಬಹುದಾದದ್ದು: ಉದ್ದದ ಉತ್ತರಗಳನ್ನು ಮೊದಲು ನೋಟ್ಸ್ ಆಪ್‌ನಲ್ಲಿ ಬರೆದು ಪೇಸ್ಟ್ ಮಾಡಿ. ‘ಸೇವ್ ಡ್ರಾಫ್ಟ್’ ಇದ್ದರೆ ಪ್ರತಿ ಪುಟಕ್ಕೂ ಒತ್ತಿ. ಎರರ್ ಬಂದರೆ ಗಾಬರಿಯಲ್ಲಿ ರಿಫ್ರೆಶ್ ಮಾಡಬೇಡಿ, ಮೊದಲು ಬ್ಯಾಕ್ ಒತ್ತಿ ನೋಡಿ. ಎಷ್ಟೋ ಸಲ ಬ್ರೌಸರ್ ಹಿಂದಿನ ಪುಟವನ್ನು ತುಂಬಿದ ಹಾಗೇ ಇಟ್ಟುಕೊಂಡಿರುತ್ತದೆ. ಅದು ಸಿಕ್ಕರೆ ಬರೆದದ್ದನ್ನೆಲ್ಲ ಕಾಪಿ ಮಾಡಿಕೊಂಡು, ಆಮೇಲೆ ಲಾಗಿನ್ ಆಗಿ.

ಪ್ರಶ್ನೆ: ಪಾಸ್‌ವರ್ಡ್‌ಗೆ ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಬೇಕಂತೆ. ಪೇಸ್ಟ್ ಮಾಡಲೂ ಬಿಡಲ್ಲ. ಇದರಿಂದ ನಿಜವಾಗಿ ಸುರಕ್ಷತೆ ಜಾಸ್ತಿ ಆಗುತ್ತಾ?

ಉತ್ತರ: ಇಲ್ಲ. ದೊಡ್ಡಕ್ಷರ, ಅಂಕಿ, ಚಿಹ್ನೆ ಬೇಕೆನ್ನುವ ನಿಯಮಗಳು ಬಹುಮಟ್ಟಿಗೆ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಪ್ರಕಟಿಸಿದ ಸಲಹೆಯಿಂದ ಹರಡಿದವು. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ಅದರಲ್ಲಿ ಬಹುಪಾಲಿಗೆ ಈಗ ಪಶ್ಚಾತ್ತಾಪ ಇದೆ ಎಂದರು. ಅದೇ ವರ್ಷ ಸಂಸ್ಥೆ ತನ್ನ ಸಲಹೆ ಬದಲಿಸಿತು: ಇಂಥ ಅಕ್ಷರವೇ ಬೇಕು ಎನ್ನಬೇಡಿ, ಕಾರಣವಿಲ್ಲದೆ ಆಗಾಗ ಬದಲಿಸಲು ಹೇಳಬೇಡಿ, ಪೇಸ್ಟ್ ಮಾಡಲು ಬಿಡಿ. ಒತ್ತಾಯ ಮಾಡಿದರೆ ಜನ ಹಳೆಯ ಪಾಸ್‌ವರ್ಡ್ ಕೊನೆಗೆ 1 ಮತ್ತು ಆಶ್ಚರ್ಯಸೂಚಕ ಸೇರಿಸಿ ಮುಗಿಸುತ್ತಾರೆ, ಕದಿಯುವವರಿಗೂ ಅದು ಗೊತ್ತು. ನೀವು ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತಾನೇ ತುಂಬಿಕೊಡುವ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಪೇಸ್ಟ್ ತಡೆದಿರುವ ಕಡೆಯೂ ಅದರ ಆಟೋಫಿಲ್ ಹೆಚ್ಚಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ಒಂದು ಲಿಂಕ್ ಒತ್ತಲು ಹೋದರೆ ಪುಟ ಸರ್ರನೆ ಕೆಳಗೆ ಜಾರಿ ಜಾಹೀರಾತು ಒತ್ತಿಬಿಡ್ತೀನಿ. ಬೇಕಂತಲೇ ಮಾಡ್ತಾರಾ?

ಉತ್ತರ: ಬೇಕಂತಲೇ ಮಾಡುವವರೂ ಇದ್ದಾರೆ. ಆದರೆ ಹೆಚ್ಚಿನ ಕಡೆ ಕಾರಣ ಅಸಡ್ಡೆ. ಚಿತ್ರ, ಜಾಹೀರಾತು ತಡವಾಗಿ ಬರುತ್ತವೆ. ಅವುಗಳಿಗೆ ಮೊದಲೇ ಜಾಗ ಬಿಟ್ಟಿರದಿದ್ದರೆ, ಬಂದಾಗ ಉಳಿದದ್ದನ್ನೆಲ್ಲ ಕೆಳಗೆ ತಳ್ಳುತ್ತವೆ. ಕೋಡ್‌ನಲ್ಲಿ ಅಗಲ, ಎತ್ತರ ಬರೆದಿಟ್ಟರೆ ಬಹಳಷ್ಟು ಸರಿಹೋಗುತ್ತದೆ. ಈ ಜಾರುವಿಕೆಯನ್ನು ಗೂಗಲ್ 2020ರಿಂದ ಸೈಟಿನ ಗುಣಮಟ್ಟದ ಅಳತೆಯಲ್ಲಿ ಸೇರಿಸಿದೆ: ಪುಟ ಜಾರಿದಷ್ಟೂ ಅಂಕ ಏರುತ್ತದೆ, ಅದು 0.1 ಮೀರಬಾರದು. ಬ್ರೌಸರ್‌ನಲ್ಲಿ ಬರಹವನ್ನಷ್ಟೇ ತೋರಿಸುವ ರೀಡರ್ ಮೋಡ್ ಇದ್ದರೆ ಆನ್ ಮಾಡಿ, ಓದುವುದಕ್ಕೆ ಅದು ಸಾಕು.

ಪ್ರಶ್ನೆ: ರಾತ್ರಿ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ನಾನು ಆಡೋ ಗೇಮ್‌ನಲ್ಲಿ ಬೇಕಾದಲ್ಲಿ ಸೇವ್ ಮಾಡೋಕಾಗಲ್ಲ. ಬಾಸ್ (ಹಂತದ ಕೊನೆಯ ದೊಡ್ಡ ಶತ್ರು) ಹತ್ತಿರ ಸತ್ತರೆ ಹಿಂದಿನಿಂದ ನಡೆದು ಬಂದು, ಅದೇ ಕಟ್‌ಸೀನ್ (ಆಟದ ನಡುವೆ ಬರೋ ಕಥೆಯ ದೃಶ್ಯ) ಮತ್ತೆ ನೋಡಬೇಕು. ಸ್ಕಿಪ್ ಇಲ್ಲ. ಕಷ್ಟದ ಗೇಮ್ ಅಂದ್ರೆ ಹೀಗೇನಾ?

ಉತ್ತರ: ಅಲ್ಲ. ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಸೇವ್‌ಗೆ ಮಿತಿ ಹಾಕುವುದು ಒಳ್ಳೆಯ ವಿನ್ಯಾಸವೂ ಆಗಬಹುದು. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಸೇವ್ ಮಾಡಲು ಟೈಪ್‌ರೈಟರ್ ಹುಡುಕಬೇಕು, ಇಂಕ್ ರಿಬ್ಬನ್ ಖರ್ಚು ಮಾಡಬೇಕು. ಈಗ ಸೇವ್ ಮಾಡಲಾ, ರಿಬ್ಬನ್ ಉಳಿಸಲಾ ಅನ್ನುವ ಚಿಂತೆಯೇ ಅಲ್ಲಿ ಭಯ ಹುಟ್ಟಿಸುತ್ತದೆ. ಅದು ಆಟದ ಭಾಗ. ನೋಡಿದ ಕಟ್‌ಸೀನ್ ಮತ್ತೆ ನೋಡುವುದರಲ್ಲಿ ಯಾವ ಭಯ, ಯಾವ ಸವಾಲು? ಕೆಲವೊಮ್ಮೆ ಆ ದೃಶ್ಯದ ಹಿಂದೆ ಮುಂದಿನ ಹಂತ ಲೋಡ್ ಆಗುತ್ತಿರುತ್ತದೆ, ಮೊದಲ ಸಲಕ್ಕೆ ಆ ಕಾರಣ ಒಪ್ಪೋಣ. ಸತ್ತು ಎದ್ದು ಬಂದವರಿಗೆ ಒಪ್ಪಲಾಗದು.

2018ರ ಸೆಲೆಸ್ಟ್ ನೋಡಿ. ತುಂಬಾ ಕಷ್ಟದ ಗೇಮ್, ಆಡುವವರು ಲೆಕ್ಕವಿಲ್ಲದಷ್ಟು ಸಲ ಸಾಯುತ್ತಾರೆ. ಆದರೆ ಸತ್ತ ಕ್ಷಣದಲ್ಲೇ ಅದೇ ಪರದೆಯ ಆರಂಭಕ್ಕೆ ಬಂದು ನಿಲ್ಲುತ್ತೀರಿ, ಬೆರಳು ಬಟನ್ ಮೇಲಿಂದ ತೆಗೆಯುವಷ್ಟೂ ಹೊತ್ತಿಲ್ಲ. ಹಾಗಾಗಿ ಎಡವಿದ್ದು ಎಲ್ಲಿ ಅನ್ನುವುದು ನೆನಪಿರುವಾಗಲೇ ಮತ್ತೆ ಹಾರುತ್ತೀರಿ, ಕಲಿಯುತ್ತೀರಿ. ನಿಮ್ಮ ಗೇಮ್‌ನಲ್ಲಿ ನಡೆದು, ಕಾದು ಬರುವಷ್ಟರಲ್ಲಿ ಅದು ಮರೆತಿರುತ್ತದೆ.

ಅರ್ಧ ಗಂಟೆಯವರಿಗೆ ಬೇಕಾಗಿರುವುದು ‘ಸಸ್ಪೆಂಡ್ ಸೇವ್’. ಆಟವನ್ನು ಅಲ್ಲಿಗೇ ನಿಲ್ಲಿಸಿ ಎದ್ದು ಹೋಗಬಹುದು, ಮತ್ತೆ ತೆರೆದ ಕೂಡಲೇ ಆ ಸೇವ್ ಅಳಿಸಿಹೋಗುತ್ತದೆ. ಸೋತಾಗ ಹಿಂದೆ ಹೋಗಲು ಬಳಸಲಾಗದ್ದರಿಂದ ಕಷ್ಟವೂ ಕಡಿಮೆಯಾಗುವುದಿಲ್ಲ. ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್‌ಗಳಲ್ಲೇ ಇದು ಇತ್ತು, ಆದ್ದರಿಂದ ಮಾಡಲಾಗದು ಅನ್ನುವ ನೆಪ ಯಾರೂ ಹೇಳುವಂತಿಲ್ಲ.

ನಿಮ್ಮ ಗೇಮ್‌ನಲ್ಲಿ ಇದಿಲ್ಲದಿದ್ದರೆ ಕನ್ಸೋಲನ್ನು ಆಫ್ ಮಾಡದೆ ಸ್ಲೀಪ್ ಅಥವಾ ರೆಸ್ಟ್ ಮೋಡ್‌ಗೆ ಹಾಕಿ, ಮರುದಿನ ಬಿಟ್ಟಲ್ಲಿಂದಲೇ ಆಡಬಹುದು. ಕರೆಂಟ್ ಹೋದರೆ ಉಳಿಯದೇ ಇರಬಹುದು, ಹಾಗಾಗಿ ಸೇವ್ ಮಾಡುವ ಜಾಗ ಸಿಕ್ಕ ಕೂಡಲೇ ಸೇವ್ ಮಾಡಿಬಿಡಿ. ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡುವ ಗೇಮ್‌ಗಳಿಗೆ ಈ ಉಪಾಯ ನಡೆಯುವುದಿಲ್ಲ. ಮುಂದಿನ ಸಲ ಗೇಮ್ ಕೊಳ್ಳುವ ಮೊದಲು, ಗ್ರಾಫಿಕ್ಸ್ ಹೇಗಿದೆ ಅಂತ ನೋಡುವ ಮುಂಚೆ, ಎಲ್ಲೆಲ್ಲಿ ಸೇವ್ ಮಾಡಬಹುದು ಮತ್ತು ಕಟ್‌ಸೀನ್ ಸ್ಕಿಪ್ ಆಗುತ್ತಾ ಅಂತ ಹುಡುಕಿ ನೋಡಿ.