ಅಜ್ಜನ ಕೇಪಿನ ಕೋವಿಯ ಹಿಡಿಗೆ ಯಾವ ಎಣ್ಣೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೊಂದಿದೆ (ನಳಿಗೆಯ ಬಾಯಿಂದ ಮದ್ದು ತುಂಬಿ, ಪೆಟ್ಟಿಗೆ ಸಿಡಿಯುವ ಪುಟ್ಟ ಕೇಪಿನಿಂದ ಹೊತ್ತಿಸುವ ಬಂದೂಕು), ಪರವಾನಗಿ ಈಗ ನನ್ನ ಹೆಸರಿನಲ್ಲಿದೆ. ಬಹುಕಾಲ ಅಡುಗೆಮನೆಯ ಹೊಗೆಗೆ ಸಿಕ್ಕಿ ಅದರ ಮರದ ಹಿಡಿ ಕಪ್ಪಾಗಿದೆ, ಮುಟ್ಟಿದರೆ ಕೈಗೆ ಅಂಟುತ್ತದೆ, ಒಂದೆರಡು ಕಡೆ ಜಜ್ಜಿ ತಗ್ಗಾಗಿದೆ. ಪರಿಚಯದ ಆಚಾರಿಯವರು ಸ್ಯಾಂಡ್‌ಪೇಪರಿನಿಂದ ಪೂರ್ತಿ ಉಜ್ಜಿ ಮೆಲಮೈನ್ ಪಾಲಿಶ್ ಹೊಡೆದುಕೊಡುತ್ತೇನೆ ಎನ್ನುತ್ತಾರೆ. ಅಮ್ಮ, ತೆಂಗಿನೆಣ್ಣೆ ಸವರಿದರೆ ಸಾಕು ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಕಾರ್ಕಳ ತಾಲೂಕು

ಉತ್ತರ: ಎರಡೂ ಬೇಡ. ಆದರೆ ಮರದ ಮಾತಿಗೆ ಮೊದಲು ನಳಿಗೆಯನ್ನು ನೋಡಿಕೊಳ್ಳಿ. ಹಳೆಯ ಕೇಪಿನ ಕೋವಿಯೊಳಗೆ ಯಾವಾಗಲೋ ತುಂಬಿಟ್ಟ ಈಡು ಹಾಗೆಯೇ ಉಳಿದಿರುವುದುಂಟು, ಮತ್ತು ಕರಿಮದ್ದು ಎಷ್ಟು ಹಳೆಯದಾದರೂ ಒಣಗಿದ್ದರೆ ಹೊತ್ತಿಕೊಳ್ಳುತ್ತದೆ. ಕೇಪು ಇಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಯ ಬಾಯಿ ನಿಮ್ಮತ್ತ ತಿರುಗದಂತೆ ಹಿಡಿದು, ಗಜವನ್ನು (ಮದ್ದು ಜಡಿಯುವ ಸಲಾಕೆಯನ್ನು) ತಡೆಯುವವರೆಗೆ ಒಳಗಿಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕಕ್ಕಿಟ್ಟು ಅಳೆಯಿರಿ. ಗಜದ ತುದಿ ಕೇಪು ಕೂರಿಸುವ ಜಾಗದ ಹತ್ತಿರಕ್ಕೆ ಬರಬೇಕು; ಅದಕ್ಕಿಂತ ಹಿಂದೆಯೇ ನಿಂತರೆ ಒಳಗೇನೋ ಇದೆಯೆಂದೇ ತಿಳಿದು, ಕೆಲಸ ಅಲ್ಲಿಗೇ ನಿಲ್ಲಿಸಿ ಪರವಾನಗಿಯುಳ್ಳ ಕೋವಿ ರಿಪೇರಿಯವರಿಗೆ ತೋರಿಸಿ. ಕುದುರೆ (ಕೇಪಿಗೆ ಬಡಿಯುವ ಭಾಗ), ನಳಿಗೆಗಳ ರಿಪೇರಿಯೂ ಅವರದೇ ಕೆಲಸ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅದಕ್ಕೆ ಬೇರೆಯೇ ಪರವಾನಗಿ ಬೇಕು. ಕಬ್ಬಿಣದ ಭಾಗಗಳನ್ನೂ ಅವರಿಂದಲೇ ಬಿಚ್ಚಿಸಿಕೊಂಡರೆ ತಿರುಪುಗಳ ತಲೆ ಹಾಳಾಗುವುದಿಲ್ಲ.

ಇನ್ನು ಮರ. ಸ್ಯಾಂಡ್‌ಪೇಪರ್ ಬೇಡವೆನ್ನಲು ಕಾರಣವಿದೆ. ಕಬ್ಬಿಣ ಕೂರುವ ಅಂಚಿನಲ್ಲಿ ಮರವು ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರಕ್ಕಿರುವಂತೆ ಕೆತ್ತುವುದು ಒಳ್ಳೆಯ ಕೆಲಸಗಾರರ ಕ್ರಮ. ಒಮ್ಮೆ ಉಜ್ಜಿದರೆ ಆ ಅಂಚು ಉರುಟಾಗಿ, ಜೋಡಿಸುವಾಗ ಕಬ್ಬಿಣ ಮೇಲೆದ್ದು ಕಾಣುತ್ತದೆ; ಕೆತ್ತಿದ ಗೆರೆ, ಒತ್ತಿದ ಅಂಕಿ, ಅಜ್ಜನ ಕೈ ಸವೆದು ಬಂದ ನುಣುಪು ಎಲ್ಲವೂ ಪುಡಿಯಾಗಿ ಉದುರಿಹೋಗುತ್ತವೆ. ಅದರ ಬದಲು ಟರ್ಪೆಂಟೈನ್‌ನಲ್ಲಿ ಅದ್ದಿದ ಹಳೆಯ ಪಂಚೆಯ ತುಂಡಿನಿಂದ ಸ್ವಲ್ಪಸ್ವಲ್ಪವೇ ಒರೆಸಿ. ಬಟ್ಟೆ ಮೊದಲು ಡಾಂಬರಿನಂತೆ ಕಪ್ಪಾಗಿ, ಆಮೇಲೆ ಕಾಫಿಯ ಬಣ್ಣಕ್ಕೆ ಇಳಿಯುತ್ತದೆ, ಅಷ್ಟಕ್ಕೆ ನಿಲ್ಲಿಸಬೇಕು. ಕುದುರೆಯ ಸುತ್ತ ಎಣ್ಣೆ ಕುಡಿದು ಕಪ್ಪಾದ ಭಾಗಕ್ಕೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿದರೆ ಅದು ಎಣ್ಣೆಯನ್ನು ಎಳೆದುಕೊಂಡಿರುತ್ತದೆ. ಈ ಕೆಲಸವನ್ನು ಒಲೆಯಿಂದ ದೂರ, ಜಗಲಿಯಲ್ಲಿ ಮಾಡಿ.

ಜಜ್ಜಿದ ತಗ್ಗಿಗೆ ಒದ್ದೆ ಬಟ್ಟೆ ಮಡಚಿಟ್ಟು, ಬಿಸಿ ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ಕ್ಷಣಹೊತ್ತು ಒತ್ತಿ ತೆಗೆಯಿರಿ. ಹಬೆ ನುಗ್ಗಿ, ಒತ್ತಿಹೋದ ಮರದ ನಾರು ಉಬ್ಬಿ ಮೇಲೆ ಬರುತ್ತದೆ. ನಾರು ತುಂಡಾಗಿರುವ ಗಾಯ ಹೀಗೆ ಏಳುವುದಿಲ್ಲ. ಅದನ್ನು ಹಾಗೆಯೇ ಬಿಡುವುದು ಲೇಸೆಂದು ನನ್ನ ಅಭಿಪ್ರಾಯ.

ಅಮ್ಮನ ಮಾತಿಗೆ ಬರೋಣ. ನಮ್ಮ ಊರಿನಲ್ಲಿ ಎಣ್ಣೆಯೆಂದರೆ ತೆಂಗಿನೆಣ್ಣೆಯೇ. ಆದರೆ ಅದು ಗಾಳಿಗೆ ಗಟ್ಟಿಯಾಗುವ ಜಾತಿಯದಲ್ಲ, ಜಿಡ್ಡಾಗಿಯೇ ಉಳಿದು ಹೊಗೆ, ಧೂಳುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಕೈಗೆ ಅಂಟುತ್ತಿರುವುದರಲ್ಲಿ ಹಿಂದೆ ಸವರಿದ ತೆಂಗಿನೆಣ್ಣೆಯ ಪಾಲೂ ಇರಬಹುದು! ಬೇಕಾದದ್ದು ಅಗಸೆ ಎಣ್ಣೆ. ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಹಸಿ ಎಣ್ಣೆ ಒಣಗಲು ಬಹಳ ದಿನ ಹಿಡಿಯುವುದರಿಂದ, ಪೈಂಟಿನ ಅಂಗಡಿಯಲ್ಲಿ 'ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್' ಎಂದು ಕೇಳಿ. ಮೊದಲ ಕೈಗೆ ಸಮಪಾಲು ಟರ್ಪೆಂಟೈನ್ ಬೆರೆಸಿ, ಅಂಗೈ ಬಿಸಿಯಾಗುವಷ್ಟು ತಿಕ್ಕಿ, ಕಾಲು ಗಂಟೆಯ ನಂತರ ಮೇಲುಳಿದುದನ್ನು ಪೂರ್ತಿ ಒರೆಸಿ. ಒಂದೆರಡು ದಿನ ಒಣಗಿಸಿ ಮತ್ತೊಂದು ಕೈ. ಹೀಗೆ ನಾಲ್ಕೈದು ಕೈ ಸಾಕು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆಸೆಯಬೇಡಿ: ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಬಿಸಿಯಿಂದ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಂಗಳದಲ್ಲಿ ಬಿಡಿಸಿ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಪ್ರಶ್ನೆ: ಇಂಥದೇ ಕೋವಿಯ ಹಿಡಿಗೆ, ದೋಣಿಗೆ ಬಳಿಯುವ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಬಹುದೆ? ಮಳೆಗಾಲದಲ್ಲಿ ಬಿಡುವಿದೆ, ಆಗಲೇ ಮಾಡಬಹುದೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ಗೇರೆಣ್ಣೆ ಚರ್ಮವನ್ನು ಸುಡುತ್ತದೆ, ಮರದ ಗೆರೆಗಳನ್ನು ಕಪ್ಪಿನಲ್ಲಿ ಮುಚ್ಚಿಬಿಡುತ್ತದೆ, ಕೆನ್ನೆಗೆ ತಾಗುವ ವಸ್ತುವಿಗೆ ಅದು ಬೇಡ. ಆಷಾಢದ ತೇವದಲ್ಲಿ ಮರ ನೀರು ಹೀರಿ ಉಬ್ಬಿರುತ್ತದೆ, ಅಗಸೆ ಎಣ್ಣೆಯೂ ಬೇಗ ಒಣಗುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ದಿನಗಳು ಒಳ್ಳೆಯವು. ನಿಮ್ಮಲ್ಲಿ ಉಪ್ಪುಗಾಳಿಯ ಕಾಟವೂ ಇರುವುದರಿಂದ, ಕೊನೆಯಲ್ಲಿ ತೆಳುವಾಗಿ ಜೇನುಮೇಣ ತಿಕ್ಕಿ. ನಳಿಗೆ ಮಲಗುವ ಒಳತೋಡಿಗೂ ಅದನ್ನು ಹಚ್ಚಲು ಮರೆಯಬೇಡಿ, ಏಕೆಂದರೆ ಕಣ್ಣಿಗೆ ಬೀಳದ ತುಕ್ಕು ಹಿಡಿಯುವುದು ಅಲ್ಲಿಯೇ.