ಆರ್‌ಟಿಐ ಅರ್ಜಿಗೆ ‘ಇದು ಮಾಹಿತಿಯ ವ್ಯಾಖ್ಯಾನದಡಿ ಬರುವುದಿಲ್ಲ’ ಅಂತ ಹಿಂಬರಹ ಬಂದಿದೆ. ಮಾಹಿತಿ ಆಯೋಗಕ್ಕೆ ದೂರು ಕೊಡಲೇ, ವಕೀಲರನ್ನು ಹಿಡಿಯಲೇ?

ಎರಡೂ ಬೇಡ. ಇನ್ನೊಂದು ಹತ್ತು ರೂಪಾಯಿ ಖರ್ಚು ಮಾಡಿ ಹೊಸ ಅರ್ಜಿ ಹಾಕಿ.

ಪುರಸಭೆಗೆ ನೀವು ಕೇಳಿರುವ ಐದು ಪ್ರಶ್ನೆ ಓದಿದೆ. ಚರಂಡಿ ಕಾಮಗಾರಿ ಯಾಕೆ ಅರ್ಧಕ್ಕೆ ನಿಂತಿದೆ, ಯಾರು ಹೊಣೆ, ಅವರ ಮೇಲೆ ಏನು ಕ್ರಮ ಆಗಿದೆ, ಯಾವಾಗ ಮುಗಿಸುತ್ತೀರಿ, ಕೆಲಸ ಕಳಪೆ ಅನ್ನುವುದು ನಿಮ್ಮ ಗಮನಕ್ಕೆ ಬಂದಿದೆಯೇ. ನಮ್ಮ ಬೀದಿಯ ಚರಂಡಿಗೆ ನಾನು ಹಾಕಿದ ಮೊದಲ ಅರ್ಜಿಯೂ ಹೆಚ್ಚುಕಮ್ಮಿ ಇದೇ ಧಾಟಿಯಲ್ಲಿತ್ತು, ಬಂದ ಹಿಂಬರಹವೂ ಇದೇ. ಅಧಿಕಾರಿ ಜಾರಿಕೊಂಡರು ಅಂತ ರೇಗುವುದು ಸಹಜ. ಜಾರಿಕೊಂಡದ್ದು ನಿಜವೇ, ಆದರೆ ನೆಲಕ್ಕೆ ಎಣ್ಣೆ ಸುರಿದುಕೊಟ್ಟದ್ದು ಅರ್ಜಿ.

2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಎಫ್) ಪ್ರಕಾರ ಮಾಹಿತಿ ಎಂದರೆ ಕಚೇರಿಯಲ್ಲಿ ಯಾವುದೋ ರೂಪದಲ್ಲಿ ಈಗಾಗಲೇ ಇರುವ ವಸ್ತು: ಕಡತ, ಆದೇಶ, ಒಪ್ಪಂದ, ಲಾಗ್‌ಬುಕ್, ವರದಿ, ಮಾದರಿ. ‘ಯಾಕೆ’ ಎಂದು ಕೇಳಿದರೆ ಅಧಿಕಾರಿ ಕೂತು ಸಮಜಾಯಿಷಿ ಬರೆಯಬೇಕಾಗುತ್ತದೆ. ಕಾಯ್ದೆ ಅವರಿಗೆ ಆ ಕೆಲಸ ಹಚ್ಚಿಲ್ಲ. ಬಾಂಬೆ ಹೈಕೋರ್ಟ್‌ನ ಗೋವಾ ಪೀಠ 2008ರಲ್ಲೇ ಇದನ್ನು ಹೇಳಿತು. ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಿಲ್ಲ ಅಂತ 2011ರಲ್ಲಿ ಸಿಬಿಎಸ್‌ಇ ಉತ್ತರಪತ್ರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ನೀವು ಮೇಲ್ಮನವಿಗೆ ಹೋದರೂ ಅಲ್ಲಿ ಎಳೆದಾಡುವುದು ಇದೇ ಪ್ರಶ್ನೆಗಳನ್ನು. ಮೇಲ್ಮನವಿಯಲ್ಲಿ ಹೊಸ ಮಾಹಿತಿ ಸೇರಿಸಿ ಕೇಳಲು ಬರುವುದಿಲ್ಲ, ಮೂಲ ಅರ್ಜಿಯಲ್ಲಿ ಇದ್ದದ್ದಷ್ಟೇ. ನನ್ನ ಅರ್ಜಿ ಪ್ರಥಮ ಮೇಲ್ಮನವಿಯಲ್ಲಿ ಬಿದ್ದುಹೋದದ್ದು ಹೀಗೆ. ಅಷ್ಟರಲ್ಲಿ ಗುತ್ತಿಗೆದಾರನಿಗೆ ಎರಡನೇ ಬಿಲ್ಲೂ ಪಾಸಾಗಿತ್ತು.

‘ಯಾಕೆ’ ಎಂಬುದಕ್ಕೆ ಉತ್ತರ ಕಚೇರಿಯಲ್ಲಿ ಇದ್ದೇ ಇರುತ್ತದೆ, ಕಡತದ ಟಿಪ್ಪಣಿ ಹಾಳೆಯಲ್ಲಿ. ಪ್ರತಿ ಕಡತಕ್ಕೂ ಎರಡು ಭಾಗ. ಒಂದು ಪತ್ರವ್ಯವಹಾರ, ಇನ್ನೊಂದು ಟಿಪ್ಪಣಿ. ಗುಮಾಸ್ತರಿಂದ ಮುಖ್ಯಾಧಿಕಾರಿಯವರೆಗೆ ಎಲ್ಲರ ಷರಾ, ಸಹಿ, ದಿನಾಂಕ ಬೀಳುವುದು ಟಿಪ್ಪಣಿಯಲ್ಲಿ. ‘ಪರಿಶೀಲಿಸಿ ಮಂಡಿಸಿ’ ಅಂತ ಬರೆದು ನಾಲ್ಕು ತಿಂಗಳು ಯಾರ ಮೇಜಿನ ಮೇಲೆ ಮಲಗಿತ್ತು ಅನ್ನುವುದು ಆ ದಿನಾಂಕಗಳ ನಡುವಿನ ಅಂತರದಲ್ಲೇ ಕಾಣುತ್ತದೆ. ‘ಯಾರು ಹೊಣೆ’ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ‘ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ’ ಅಂದರೆ ಕೊಡಲೇಬೇಕು.

ಹಾಗಾಗಿ ಹೊಸ ಅರ್ಜಿಯಲ್ಲಿ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇರಕೂಡದು. ಹೀಗೆ ಬರೆಯಿರಿ: ‘ಇಂಥ ವಾರ್ಡಿನ, ಇಂಥ ಅಡ್ಡರಸ್ತೆಯ, ಇಂಥ ಮನೆಯಿಂದ ಇಂಥ ಮನೆವರೆಗಿನ ಚರಂಡಿ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಒಪ್ಪಂದ, ಅಳತೆ ಪುಸ್ತಕದ ಪುಟಗಳು, ಈವರೆಗೆ ಪಾವತಿಸಿದ ಬಿಲ್ಲುಗಳು, ಗುಣಮಟ್ಟ ಪರೀಕ್ಷಾ ವರದಿ, ಗುತ್ತಿಗೆದಾರರಿಗೆ ನೀಡಿದ ನೋಟಿಸುಗಳು, ಟಿಪ್ಪಣಿ ಹಾಳೆಗಳು, ಇವುಗಳ ದೃಢೀಕೃತ ನಕಲು. ಜೊತೆಗೆ ಕಡತ ಪರಿಶೀಲನೆಗೆ ಅವಕಾಶ.’ ಇಷ್ಟೇ. ನಿಮ್ಮ ಮೂರನೇ ಪ್ರಶ್ನೆ, ಕ್ರಮ ಏನಾಗಿದೆ ಅನ್ನುವುದು, ‘ನೋಟಿಸುಗಳ ನಕಲು’ ಆಗಿ ಬದುಕಿಕೊಳ್ಳುತ್ತದೆ. ‘ಯಾವಾಗ ಮುಗಿಸುತ್ತೀರಿ’ ಎಂಬುದಕ್ಕೆ ಕಾರ್ಯಾದೇಶದಲ್ಲಿ ಗಡುವಿನ ದಿನಾಂಕ ಸಿಗುತ್ತದೆ. ಯಾಕೆ ಮಾಹಿತಿ ಬೇಕು ಅಂತ ಬರೆಯಬೇಡಿ, ಕಲಂ 6(2) ಪ್ರಕಾರ ಅದನ್ನು ಹೇಳಬೇಕಿಲ್ಲ. ಎಂಜಿನಿಯರ್ ಮೇಲಿನ ಸಿಟ್ಟು, ಹೋರಾಟದ ಎಚ್ಚರಿಕೆ, ‘ಭ್ರಷ್ಟಾಚಾರ’ ಅನ್ನುವ ಪದ, ಯಾವುದೂ ಬೇಡ.

ಕರ್ನಾಟಕದ ನಿಯಮದಲ್ಲಿ ಇನ್ನೊಂದು ಕೊಕ್ಕೆ ಇದೆ: ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಚರಂಡಿ ಜೊತೆ ಬೀದಿದೀಪ, ಕಸದ ಗಾಡಿ ಸೇರಿಸಿದರೆ ತಿರಸ್ಕರಿಸಲು ಕಾರಣ ಸಿಕ್ಕಂತೆ. (ಕನ್ನಡದಲ್ಲಿ ಬರೆಯಿರಿ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ 150ರಲ್ಲಿ ಇಂಗ್ಲಿಷಿಗಿಂತ ಹೆಚ್ಚು ಹಿಡಿಯುತ್ತದೆ.) ನಮೂನೆ ‘ಎ’ ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಡಿ, ಅದರ ನಂಬರನ್ನು ಅರ್ಜಿಯಲ್ಲೇ ನಮೂದಿಸಿ. ಕೈಯಾರೆ ಕೊಡುವುದಾದರೆ ಎರಡನೇ ಪ್ರತಿಗೆ ಟಪಾಲು ಶಾಖೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಕಾಲಿಡಬೇಡಿ. 30 ದಿನದ ಲೆಕ್ಕ ಶುರುವಾಗುವುದು ಆ ಮೊಹರಿನಿಂದ.

ಸಾಮಾನ್ಯವಾಗಿ 30 ದಿನದೊಳಗೆ ‘ಇಷ್ಟು ಪುಟ, ಇಷ್ಟು ಹಣ ಕಟ್ಟಿ’ ಅಂತ ಪತ್ರ ಬರುತ್ತದೆ. ಎ4 ಪುಟಕ್ಕೆ 2 ರೂಪಾಯಿ. ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು 30ರ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ತಡಮಾಡಬೇಡಿ. ಗಡುವು ಮೀರಿದ ಮೇಲೆ ಹಣ ಕೇಳಿದರೆ ಕಲಂ 7(6) ತೋರಿಸಿ, ಆಗ ಪುಕ್ಕಟೆ ಕೊಡಬೇಕು. ಚರಂಡಿ ಲೋಕೋಪಯೋಗಿ ಇಲಾಖೆಯದ್ದು ಎಂದಾದರೆ ಅರ್ಜಿಯನ್ನು 5 ದಿನದಲ್ಲಿ ಅಲ್ಲಿಗೆ ವರ್ಗಾಯಿಸುವುದು ಪುರಸಭೆಯ ಕೆಲಸ, ನೀವು ಮತ್ತೆ ಹಾಕಬೇಕಿಲ್ಲ.

ಇಡೀ ಕಂತೆಯಲ್ಲಿ ಒಂದೇ ಒಂದು ದಾಖಲೆ ಸಿಗುತ್ತದೆ ಅಂತಾದರೆ ನಾನು ಅಳತೆ ಪುಸ್ತಕ ಕೇಳುತ್ತೇನೆ. ಎಂಬಿ ಅನ್ನುತ್ತಾರೆ. ಕಿರಿಯ ಎಂಜಿನಿಯರ್ ಸ್ಥಳದಲ್ಲಿ ಅಳೆದು ಬರೆಯುವ ಪುಸ್ತಕ, ಪುಟಗಳಿಗೆ ಅಚ್ಚು ಹಾಕಿದ ಸಂಖ್ಯೆ ಇರುತ್ತದೆ. ಬಿಲ್ಲು ಹುಟ್ಟುವುದೇ ಅದರಿಂದ. ಚರಂಡಿ ತಳದ ಕಾಂಕ್ರೀಟಿಗೆ ‘1 × 120.00 × 0.60 × 0.10 = 7.20’ ಅಂತ ಇದ್ದರೆ, ಸಂಖ್ಯೆ, ಉದ್ದ, ಅಗಲ, ದಪ್ಪ, ಕೊನೆಗೆ ಘನ ಮೀಟರ್. ಟೇಪು ಹಿಡಿದು ಬೀದಿಯಲ್ಲಿ ಅಳೆಯಿರಿ. ಉದ್ದ 80 ಮೀಟರೇ ಇದ್ದರೆ 4.80 ಘನ ಮೀಟರ್ ಆಗಬೇಕಿತ್ತು, ಉಳಿದ 2.40 ಕಾಗದದ ಮೇಲಷ್ಟೇ ಇದೆ. ದಪ್ಪದ ಬಗ್ಗೆ ಅನುಮಾನವಿದ್ದರೆ ಕಲಂ 2(ಜೆ) ನೋಡಿ: ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಮಾಹಿತಿ ಹಕ್ಕಿನೊಳಗೇ ಇದೆ. ಇದನ್ನು ಬಳಸುವವರು ಕಡಿಮೆ, ಹಾಗಾಗಿ ಅರ್ಜಿಯಲ್ಲಿ ಕಂಡರೆ ಕಚೇರಿಯವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಕಡತ ಪರಿಶೀಲನೆಗೆ ಕರೆದರೆ ಒಬ್ಬರೇ ಹೋಗಬೇಡಿ, ಲೆಕ್ಕ ಬರುವವರೊಬ್ಬರು ಜೊತೆಗಿರಲಿ. ಮೊದಲು ಕಡತದ ಸಂಖ್ಯೆ, ಕೊನೆಯ ಪುಟದ ಸಂಖ್ಯೆ ಬರೆದುಕೊಳ್ಳಿ. ನಕಲು ಕೈಗೆ ಬಂದಾಗ ಪುಟ ಕಡಿಮೆ ಬಿದ್ದರೆ ಗೊತ್ತಾಗುವುದು ಇದರಿಂದಲೇ.

ಇನ್ನು ಆಯೋಗದ ಮಾತು. ದೂರು ಅಂದರೆ ಕಲಂ 18. ಅದರಡಿ ಆಯೋಗ ಅಧಿಕಾರಿಗೆ ದಂಡ ಹಾಕಬಹುದು, ದಿನಕ್ಕೆ 250, ಗರಿಷ್ಠ 25,000 ರೂಪಾಯಿ. ಆದರೆ ಮಾಹಿತಿ ಕೊಡಿ ಅಂತ ಆದೇಶಿಸಲು ಬರುವುದಿಲ್ಲ, ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಹೀಗೆಂದು ಹೇಳಿದೆ. ನಿಮಗೆ ಬೇಕಿರುವುದು ಎಂಬಿ, ಅಧಿಕಾರಿಯ ದಂಡ ತಗೊಂಡು ಏನು ಮಾಡುತ್ತೀರಿ? ಹೊಸ ಅರ್ಜಿಗೂ 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ, ಮುಂದಿನ 30 ದಿನದೊಳಗೆ ಅದೇ ಸಂಸ್ಥೆಯ ಮೇಲಧಿಕಾರಿಗೆ ಕಲಂ 19(1)ರ ಮೇಲ್ಮನವಿ ಹಾಕಿ. ಅವರು 30, ಹೆಚ್ಚೆಂದರೆ 45 ದಿನದಲ್ಲಿ ಇತ್ಯರ್ಥ ಮಾಡಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಆಯೋಗಕ್ಕೆ ದ್ವಿತೀಯ ಮೇಲ್ಮನವಿ. ಆಯೋಗದಲ್ಲಿ ಸರದಿ ನಿಧಾನ, ಅದನ್ನು ಮೊದಲೇ ಲೆಕ್ಕದಲ್ಲಿಡಿ. ವಕೀಲರು ಈ ಯಾವ ಹಂತಕ್ಕೂ ಕಡ್ಡಾಯವಲ್ಲ.

ಮೊದಲ ಹಿಂಬರಹವನ್ನು ಎಸೆಯಬೇಡಿ. ಅದರ ಮೇಲಿನ ಕಡತ ಸಂಖ್ಯೆಯನ್ನು ಹೊಸ ಅರ್ಜಿಯಲ್ಲಿ ಉಲ್ಲೇಖಿಸಿದರೆ ‘ಯಾವ ಕಾಮಗಾರಿ ಎಂದು ಸ್ಪಷ್ಟಪಡಿಸಿ’ ಅಂತ ಇನ್ನೊಂದು ಪತ್ರ ಬರೆದು ತಿಂಗಳು ತಳ್ಳಲು ಅವರಿಗೆ ಆಗುವುದಿಲ್ಲ.